ಗುಂಡರ್ಟ್ ಮನೆತನ ಮತ್ತು ನಮ್ಮ ಮನೆಗಳ ಕಾಗದಪತ್ರ

ಕನ್ನಡದ ವಿದ್ಯಾರ್ಥಿಗಳಿಗೆ ಜರ್ಮನ್ ಹೆಸರುಗಳು ಅಪರಿಚಿತವಲ್ಲ. ಮೋಗ್ಲಿಂಗ್, ವೀಗಲ್, ಕಿಟ್ಟೆಲ್ ಎಂಬ ಹೆಸರುಗಳಿಲ್ಲದೆ ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯ ಚರಿತ್ರೆಯ ಯಾವ ಪಠ್ಯವೂ ಪೂರ್ಣವಾಗುವುದಿಲ್ಲ. 1843ರ ಜುಲೈ 1ರಂದು ಹೊರಬಂದ 'ಮಂಗಳೂರ ಸಮಾಚಾರ', 1894ರ ಕನ್ನಡ-ಇಂಗ್ಲಿಷ್ ನಿಘಂಟು, ಕಲ್ಲಚ್ಚಿನಲ್ಲಿ ಮುದ್ರಿತವಾದ ಹಳಗನ್ನಡ ಹಾಗೂ ನಡುಗನ್ನಡ ಕಾವ್ಯಗಳು, ಇವೆಲ್ಲವನ್ನೂ ನಾವು ಪರೀಕ್ಷೆಗಾಗಿ ಓದಿದ್ದೇವೆ, ಓದಿಸಿದ್ದೇವೆ. ಆದರೆ ಈ ಓದಿನಲ್ಲಿ ಒಂದು ಕೊರತೆಯಿದೆ. ಈ ಮಹನೀಯರನ್ನು ನಾವು ಬಿಡಿಬಿಡಿ ವ್ಯಕ್ತಿಗಳಾಗಿ, ಕೃತಿಸೂಚಿಯ ನಮೂದುಗಳಾಗಿ ಮಾತ್ರ ಬಲ್ಲೆವು. ಅವರಿಗೂ ಮನೆಗಳಿದ್ದವು, ಆ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ಇದ್ದರು, ಒಂದು ತಲೆಮಾರು ಕಲಿತ ಭಾಷೆ ಮುಂದಿನ ತಲೆಮಾರಿನಲ್ಲಿ ಏನಾಯಿತು ಎಂಬ ಪ್ರಶ್ನೆ ಅಲ್ಲಿಯೂ ಇತ್ತು ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ.

ಪ್ರಸ್ತುತ ಲೇಖನದಲ್ಲಿ ಅಂಥ ಒಂದು ಮನೆತನವನ್ನು, ಗುಂಡರ್ಟ್-ಹೆಸ್ಸೆ ಮನೆತನವನ್ನು, ಮುಂದಿಟ್ಟುಕೊಂಡು ಮುಂಬಯಿಯ ಕನ್ನಡಿಗರಿಗೆ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕೆಂದಿದ್ದೇನೆ. ಮನೆತನದ ವೈಭವೀಕರಣ ನನ್ನ ಉದ್ದೇಶವಲ್ಲ. ಭಾಷೆಯೊಂದು ಮನೆಯಿಂದ ಮರೆಯಾದ ಮೇಲೂ ಅದರ ಸಂಸ್ಕಾರ ಮುಂದಿನವರಿಗೆ ಹೇಗೆ ತಲುಪೀತು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

1

ಹೆರ್ಮನ್ ಗುಂಡರ್ಟ್ ಅವರು 1814ರ ಫೆಬ್ರವರಿ 4ರಂದು ಸ್ಟುಟ್‌ಗಾರ್ಟಿನಲ್ಲಿ ಜನಿಸಿದರು. ಮೌಲ್‌ಬ್ರಾನ್ ಗುರುಮಠದಲ್ಲಿಯೂ ತ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿಯೂ ಓದಿ, 1836ರಲ್ಲಿ ಮದರಾಸಿಗೆ ಬಂದರು. 1838ರಲ್ಲಿ ಚಿತ್ತೂರಿನಲ್ಲಿ ಜೂಲಿ ಡ್ಯೂಬ್ವಾ ಅವರನ್ನು ವಿವಾಹವಾಗಿ, ಅದೇ ವರ್ಷ ಬಾಸೆಲ್ ಮಿಶನ್ನನ್ನು ಸೇರಿ ಮಂಗಳೂರಿಗೆ ಬಂದರು. ಅಲ್ಲಿ ಇವರ ಜತೆಗಾರರಾದವರು 1836ರಲ್ಲಿಯೇ ಬಂದಿದ್ದ ಹೆರ್ಮನ್ ಮೋಗ್ಲಿಂಗ್. ಮರುವರ್ಷ ಗುಂಡರ್ಟ್ ದಂಪತಿಗಳು ತಲಶ್ಶೇರಿಗೆ ಹೋದರು. ಅಲ್ಲಿಂದ ಮುಂದಿನದು ಮಲಯಾಳದ ಚರಿತ್ರೆ. 1847ರಲ್ಲಿ 'ರಾಜ್ಯಸಮಾಚಾರಂ' ಮತ್ತು 'ಪಶ್ಚಿಮೋದಯಂ' ಪತ್ರಿಕೆಗಳು, 1851ರಲ್ಲಿ ವ್ಯಾಕರಣ, 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಮಲಯಾಳ-ಇಂಗ್ಲಿಷ್ ನಿಘಂಟು. ಕನ್ನಡಕ್ಕೆ ಕಿಟ್ಟೆಲ್ ಹೇಗೋ ಮಲಯಾಳಕ್ಕೆ ಗುಂಡರ್ಟ್ ಹಾಗೆ.

ಆದರೂ ಇವರನ್ನು ಕೇವಲ ಮಲಯಾಳದವರೆಂದು ನಾವು ಬಿಟ್ಟುಕೊಡಬೇಕಾಗಿಲ್ಲ. 1857ರಲ್ಲಿ ಮಲಬಾರು ಹಾಗೂ ಕೆನರಾ ಜಿಲ್ಲೆಗಳೆರಡಕ್ಕೂ ಸರಕಾರದ ಶಾಲಾ ತಪಾಸಣಾಧಿಕಾರಿಯಾಗಿದ್ದವರು ಇವರೇ. 1859ರಲ್ಲಿ ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿ ಕಾಲ್ವ್ ಎಂಬ ಸಣ್ಣ ಊರಿನಲ್ಲಿ ನೆಲೆಸಿ, ಅಲ್ಲಿನ ಧಾರ್ಮಿಕ ಪ್ರಕಾಶನ ಸಂಸ್ಥೆಯನ್ನು 1893ರಲ್ಲಿ ಕೊನೆಯುಸಿರೆಳೆಯುವವರೆಗೂ ನಡೆಸಿದರು. ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಮರುವರ್ಷವೇ ಅವರ ಜೀವನ ಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಬರೆದವರು ಗುಂಡರ್ಟರು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕನ ಬದುಕನ್ನು ಮೊದಲು ಬರೆದದ್ದು ಮಲಯಾಳದ ನಿಘಂಟುಕಾರ ಎಂಬ ಸಂಗತಿ ನಮ್ಮ ಚರಿತ್ರೆಗಳ ಭಾಷಾವಾರು ಗೋಡೆಗಳನ್ನು ಪ್ರಶ್ನಿಸುವಂತಿದೆ.

ಇಲ್ಲಿ 1872ನೆಯ ವರ್ಷವನ್ನು ವಿಶೇಷವಾಗಿ ನೆನೆಯಬೇಕು. ಗುಂಡರ್ಟರ ನಿಘಂಟು ಪ್ರಕಟವಾದ ವರ್ಷವೇ ಕಿಟ್ಟೆಲ್ ಸಂಪಾದಿಸಿದ 'ಶಬ್ದಮಣಿದರ್ಪಣ' ಮಂಗಳೂರಿನಿಂದ ಹೊರಬಂದಿತು. ಅದೇ ವರ್ಷ ಮುಂಬಯಿಯಲ್ಲಿ ಜೇಮ್ಸ್ ಬರ್ಜೆಸ್ ಅವರು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯನ್ನು ಆರಂಭಿಸಿದರು. ಸಂಸ್ಕೃತ ನಿಘಂಟುಗಳಲ್ಲಿನ ದ್ರಾವಿಡ ಅಂಶವನ್ನು ಕುರಿತ ಕಿಟ್ಟೆಲರ ಲೇಖನ ಆ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಬಂದಿತು. ಇದೇ ವಿಷಯವನ್ನು ಗುಂಡರ್ಟರು ಮೂರು ವರ್ಷಗಳ ಹಿಂದೆ, 1869ರಲ್ಲಿ, ಜರ್ಮನಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಚರ್ಚಿಸಿದ್ದರು. ತಲಶ್ಶೇರಿ, ಮಂಗಳೂರು, ಕಾಲ್ವ್, ಮುಂಬಯಿ ಈ ನಾಲ್ಕು ಊರುಗಳ ನಡುವೆ ದ್ರಾವಿಡ ಭಾಷಾಧ್ಯಯನದ ಒಂದು ದಾರಿ ಹೀಗೆ ಹಾದುಹೋಗಿದೆ.

2

ಮನೆತನದ ಎರಡನೆಯ ತಲೆಮಾರು ನಮ್ಮ ಈ ನಗರಕ್ಕೆ ಇನ್ನೂ ಹತ್ತಿರದ್ದು. ಗುಂಡರ್ಟರ ಮಗಳು ಮರೀ 1842ರ ಅಕ್ಟೋಬರಿನಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. 1845ರಲ್ಲಿ ತಂದೆತಾಯಿ ಯೂರೋಪಿಗೆ ಹೋದಾಗ ಆಕೆಯನ್ನು ಜತೆಗೆ ಕರೆದುಕೊಂಡು ಹೋಗಿ, ಅಲ್ಲಿಯೇ ಬಿಟ್ಟು ಮರಳಿದರು. ಮಿಶನರಿಗಳ ಮಕ್ಕಳು ಯೂರೋಪಿನಲ್ಲಿ ಬೆಳೆಯಬೇಕೆಂಬುದು ಅಂದಿನ ರೂಢಿ. ತಾಯ್ತಂದೆಯರ ಮುಖ ಮರೆಯುವಷ್ಟು ವರ್ಷ ದೂರವಿದ್ದು, ಹದಿನೈದರ ವಯಸ್ಸಿನಲ್ಲಿ, 1857ರಲ್ಲಿ ಆಕೆ ಮತ್ತೆ ಭಾರತಕ್ಕೆ ಹಡಗು ಹತ್ತಿದಳು. ಪಯಣದಲ್ಲಿ ಒಬ್ಬ ಇಂಗ್ಲಿಷ್ ಯುವಕನನ್ನು ಮೆಚ್ಚಿದಳು. ಮನೆಯವರು ಒಪ್ಪಲಿಲ್ಲ, ಆ ಸಂಬಂಧ ಮುರಿಯಿತು. ಪರಭಾಷೆಗಳಿಗೆ ವ್ಯಾಕರಣ ಬರೆದ ತಂದೆಯ ವಿದ್ವತ್ತನ್ನು ಹೊಗಳುವಾಗ, ಆ ವಿದ್ವತ್ತಿನ ಬೆಲೆಯನ್ನು ಮನೆಯ ಮಕ್ಕಳೂ ತೆತ್ತರೆಂಬುದನ್ನು ಮರೆಯುವಂತಿಲ್ಲ.

ಮರೀ 1865ರಲ್ಲಿ ಚಾರ್ಲ್ಸ್ ಈಸೆನ್‌ಬರ್ಗ್ ಎಂಬ ಮಿಶನರಿಯನ್ನು ವಿವಾಹವಾದರು. ಈ ಚಾರ್ಲ್ಸ್ ಅವರ ತಂದೆ ಕಾರ್ಲ್ ವಿಲ್‌ಹೆಲ್ಮ್ ಈಸೆನ್‌ಬರ್ಗ್. ಅಬಿಸೀನಿಯಾದಲ್ಲಿ ಕೆಲಸಮಾಡಿ, 1841ರಲ್ಲಿ ಅಂಹರಿಕ್ ಭಾಷೆಯ ನಿಘಂಟನ್ನೂ 1842ರಲ್ಲಿ ವ್ಯಾಕರಣವನ್ನೂ ಪ್ರಕಟಿಸಿದ ಈ ವಿದ್ವಾಂಸರು ತಮ್ಮ ಬದುಕಿನ ಕೊನೆಯ ಎರಡು ದಶಕಗಳ ಬಹುಭಾಗವನ್ನು ಕಳೆದದ್ದು ಮುಂಬಯಿಯಲ್ಲಿ, ಚರ್ಚ್ ಮಿಶನರಿ ಸೊಸೈಟಿಯ ಸೇವೆಯಲ್ಲಿ. ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಮಕ್ಕಳ ಪಾಲನೆಯೊಂದಿಗೂ ಅವರ ಹೆಸರು ಸೇರಿಕೊಂಡಿದೆ. ಹೀಗೆ ಮಲಯಾಳದ ನಿಘಂಟುಕಾರನ ಮಗಳು ಅಂಹರಿಕ್ ನಿಘಂಟುಕಾರನ ಸೊಸೆಯಾದಳು. ದಂಪತಿಗಳು ಸಂಸಾರ ಹೂಡಿದ್ದು ಸಿಂಧಿನ ಹೈದರಾಬಾದಿನಲ್ಲಿ. ಆಗ ಸಿಂಧ್ ಪ್ರಾಂತವು ಮುಂಬಯಿ ಆಧಿಪತ್ಯದ ಭಾಗ. ಧಾರವಾಡ, ಬೆಳಗಾವಿ, ವಿಜಾಪುರಗಳೂ, 1862ರಿಂದ ಉತ್ತರ ಕನ್ನಡವೂ ಅದೇ ಆಧಿಪತ್ಯದಲ್ಲಿದ್ದುದನ್ನು ಇಲ್ಲಿ ನೆನೆಯಬಹುದು.

1870ರಲ್ಲಿ ಚಾರ್ಲ್ಸ್ ತೀರಿಕೊಂಡರು. ಇಬ್ಬರು ಗಂಡುಮಕ್ಕಳ ತಾಯಿಯಾದ ಈ ವಿಧವೆ ಕಾಲ್ವ್‌ನಲ್ಲಿ ತಂದೆಯ ಮನೆ ಸೇರಿದರು. 1869ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಭಾರತಕ್ಕೆ ಬಂದು, ಅನಾರೋಗ್ಯದ ಕಾರಣ 1873ರಲ್ಲಿ ಮರಳಿದ್ದ ಯೊಹಾನೆಸ್ ಹೆಸ್ಸೆ ಗುಂಡರ್ಟರಿಗೆ ಸಹಾಯಕರಾಗಿ ಅದೇ ಪ್ರಕಾಶನ ಸಂಸ್ಥೆಗೆ ಬಂದರು. 1874ರಲ್ಲಿ ಮರೀ ಅವರನ್ನು ವಿವಾಹವಾದರು. ಇವರ ಮಗನೇ 1877ರ ಜುಲೈ 2ರಂದು ಹುಟ್ಟಿದ ಹೆರ್ಮನ್ ಹೆಸ್ಸೆ, 1946ರ ನೊಬೆಲ್ ಪುರಸ್ಕೃತ ಕಾದಂಬರಿಕಾರ, 'ಸಿದ್ಧಾರ್ಥ'ದ ಕರ್ತೃ.

3

ಮೂರನೆಯ ತಲೆಮಾರಿನಲ್ಲಿ ನಮ್ಮ ಪ್ರಶ್ನೆ ತೀಕ್ಷ್ಣವಾಗುತ್ತದೆ. ತಾತನಿಗೆ ಮಲಯಾಳ ಕರತಲಾಮಲಕ. ಕನ್ನಡ, ತಮಿಳು, ತೆಲುಗು, ಸಂಸ್ಕೃತಗಳೂ ಪರಿಚಿತ. ತಾಯಿ ಹುಟ್ಟಿದ್ದೇ ಮಲಬಾರಿನಲ್ಲಿ. ಆದರೆ ಮೊಮ್ಮಗ ಬರೆದದ್ದು ಜರ್ಮನ್ ಭಾಷೆಯಲ್ಲಿ ಮಾತ್ರ. ಅವರು ಭಾರತದ ನೆಲವನ್ನು ಮೆಟ್ಟಲೇ ಇಲ್ಲ. 1911ರಲ್ಲಿ ಪೂರ್ವದ ಕಡೆಗೆ ಹೊರಟವರು ಸಿಂಹಳ, ಮಲಯ, ಸುಮಾತ್ರಗಳನ್ನು ನೋಡಿ ಹಿಂದಿರುಗಿದರು. ತಾಯಿ ಹುಟ್ಟಿದ ಕರಾವಳಿಗೆ ಬರಲಿಲ್ಲ. ಭಾಷೆಯ ಲೆಕ್ಕದಲ್ಲಿ ಹೇಳುವುದಾದರೆ ಈ ಮನೆತನದ ಭಾರತೀಯ ಸಂಪತ್ತು ಎರಡೇ ತಲೆಮಾರಿನಲ್ಲಿ ಮುಗಿದುಹೋಗಿತ್ತು.

ಆದರೂ 1922ರಲ್ಲಿ 'ಸಿದ್ಧಾರ್ಥ' ಹೊರಬಂದಿತು. ಅದರಲ್ಲಿನ ಭಾರತ ಎಷ್ಟು ನಿಜ, ಎಷ್ಟು ಕಲ್ಪಿತ ಎಂಬ ಚರ್ಚೆ ಬೇರೆ. ಅದರ ನದಿ, ಅಂಬಿಗ, ಬ್ರಾಹ್ಮಣಕುಮಾರರು ಪಿಯೆಟಿಸ್ಟ್ ಕ್ರೈಸ್ತ ಮನೆಯೊಂದರ ಒಳತೋಟಿಯನ್ನೇ ಬೇರೆ ವೇಷದಲ್ಲಿ ಹೇಳುತ್ತಿವೆಯೆಂದು ವಾದಿಸುವುದು ಸಾಧ್ಯ. ನನಗೂ ಆ ವಾದದಲ್ಲಿ ಹುರುಳಿದೆ ಎನಿಸುತ್ತದೆ. ಮೌಲ್‌ಬ್ರಾನಿನಲ್ಲಿ ತಾತ ಓದಿ ಮಿಶನರಿಯಾದರು. ಅದೇ ಮೌಲ್‌ಬ್ರಾನಿನಿಂದ ಮೊಮ್ಮಗ 1892ರಲ್ಲಿ ಓಡಿಹೋದ. ತಂದೆಯ ಮನೆಬಿಟ್ಟು ಹೊರಡುವ ಮಗನ ಕಥೆಯನ್ನು ಹೇಳಲು ಆತನಿಗೆ ಭಾರತದ ಹೆಸರುಗಳೇ ಒದಗಿದವು ಎಂಬುದು ಆಕಸ್ಮಿಕವೇನಲ್ಲ. ಆ ಹೆಸರುಗಳು ಮನೆಯಲ್ಲಿದ್ದವು. ತಾತನ ಓದುಕೋಣೆಯಲ್ಲಿ ಪುಸ್ತಕಗಳಾಗಿ, ಓಲೆಗಳಾಗಿ, ಪೂರ್ವದಿಂದ ಬಂದ ಅತಿಥಿಗಳ ಮಾತುಗಳಾಗಿ, ತಾಯಿಯ ದಿನಚರಿಯಾಗಿ ಇದ್ದವು. ಭಾಷೆ ಹೋದಮೇಲೂ ಉಳಿದದ್ದು ಆ ಕಾಗದಪತ್ರಗಳು ಮತ್ತು ಅವುಗಳ ಸುತ್ತ ಹಬ್ಬಿದ ಮಾತುಕತೆ.

'ಸಿದ್ಧಾರ್ಥ'ದ ಎರಡನೆಯ ಭಾಗವನ್ನು ಹೆಸ್ಸೆ ಅರ್ಪಿಸಿರುವುದು ತನ್ನ ದಾಯಾದಿ ಸೋದರ ವಿಲ್‌ಹೆಲ್ಮ್ ಗುಂಡರ್ಟ್‌ಗೆ. 1880ರಲ್ಲಿ ಹುಟ್ಟಿದ ಈತ ತಾತನಂತೆಯೇ ಮಿಶನರಿಯಾಗಿ 1906ರಲ್ಲಿ ಜಪಾನಿಗೆ ಹೋಗಿ, ಅಲ್ಲಿಯ ಭಾಷೆ, ನಾಟಕ, ಝೆನ್ ಧರ್ಮಗಳಲ್ಲಿ ಪಾರಂಗತನಾದ ದೊಡ್ಡ ವಿದ್ವಾಂಸ. ಆದರೆ 1934ರಲ್ಲಿ ನಾಜಿ ಪಕ್ಷವನ್ನು ಸೇರಿದ, 1938ರಿಂದ 1941ರ ವರೆಗೆ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ. ಅದೇ ಕಾಲದಲ್ಲಿ 1924ರಿಂದ ಸ್ವಿಸ್ ಪ್ರಜೆಯಾಗಿದ್ದ, ಯಹೂದಿ ಮನೆತನದ ನಿನೋನ್ ಅವರನ್ನು ಕೈಹಿಡಿದಿದ್ದ ಹೆಸ್ಸೆಯ ಪುಸ್ತಕಗಳಿಗೆ ಜರ್ಮನಿಯಲ್ಲಿ ಎಡೆಯಿಲ್ಲವಾಯಿತು. ಆತನ ಕೊನೆಯ ದೊಡ್ಡ ಕಾದಂಬರಿ 1943ರಲ್ಲಿ ಝ್ಯೂರಿಚ್‌ನಲ್ಲಿ ಪ್ರಕಟವಾಗಬೇಕಾಯಿತು. ಒಂದೇ ತಾತನ ಇಬ್ಬರು ಮೊಮ್ಮಕ್ಕಳು ಇವರು. ಪರಸಂಸ್ಕೃತಿಯ ಜ್ಞಾನ ಮನುಷ್ಯನನ್ನು ತಾನಾಗಿಯೇ ಉದಾರಗೊಳಿಸುತ್ತದೆ ಎಂದು ನಂಬುವ ನಮ್ಮಂಥ ಭಾಷಾಧ್ಯಾಪಕರಿಗೆ ಇಲ್ಲಿ ಎಚ್ಚರಿಕೆಯಿದೆ. ಮನೆತನದ ಚರಿತ್ರೆಯನ್ನು ಬರೆಯುವವರು ಹೆಸ್ಸೆಯ ಪುಟವನ್ನು ಇಟ್ಟುಕೊಂಡು ವಿಲ್‌ಹೆಲ್ಮನ ಪುಟವನ್ನು ಹರಿದುಹಾಕುವಂತಿಲ್ಲ.

4

ಈ ಎಲ್ಲ ಸಂಗತಿಗಳು ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಹೇಗೆ? ಗುಂಡರ್ಟರು ದಿನಚರಿ ಬರೆದರು. ಮನೆಯವರು ಅದನ್ನು ಕಾಯ್ದರು. ಮಲಬಾರಿನ ದಿನಚರಿ 1983ರಲ್ಲಿಯೂ ಕಾಲ್ವ್‌ನ ದಿನಚರಿ 1986ರಲ್ಲಿಯೂ ಆಲ್‌ಬ್ರೆಕ್ಟ್ ಫ್ರೆನ್ಜ್ ಅವರ ಸಂಪಾದಕತ್ವದಲ್ಲಿ ಮುದ್ರಣಗೊಂಡವು. ಮರೀ ಹೆಸ್ಸೆಯವರ ಪತ್ರಗಳನ್ನೂ ದಿನಚರಿಗಳನ್ನೂ ಒಗ್ಗೂಡಿಸಿ 1934ರಲ್ಲಿ ಗ್ರಂಥರೂಪಕ್ಕೆ ತಂದವರು ಅವರ ಮಗಳು ಆಡೆಲೆ. ಗುಂಡರ್ಟರ ಹಸ್ತಪ್ರತಿ ಸಂಗ್ರಹ ತ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. 2018ರಿಂದ ಅದು ಗಣಕದ ಮೂಲಕ ಕೇರಳದ ಓದುಗರಿಗೂ ಮುಕ್ತವಾಗಿ ದೊರೆಯುತ್ತಿದೆ. ಹೆಸ್ಸೆಯ ಕಾಗದಪತ್ರಗಳು ಮಾರ್‌ಬಾಖ್ ಮತ್ತು ಬರ್ನ್ ನಗರಗಳ ಸಾಹಿತ್ಯ ಭಾಂಡಾರಗಳಲ್ಲಿವೆ. ಮೂರು ತಲೆಮಾರುಗಳ ಮಾತು ಹೀಗೆ ಉಳಿದುಕೊಂಡಿದೆ.

ಆ ಉಳಿವಿನಲ್ಲಿ ಹೆಂಗಸರ ಪಾಲು ದೊಡ್ಡದು. ಜೂಲಿ ಗುಂಡರ್ಟ್ ಅವರ ಮಾತೃಭಾಷೆ ಫ್ರೆಂಚ್. ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು ಅವರು. ಆ ಮನೆಯಲ್ಲಿ ಫ್ರೆಂಚ್, ಜರ್ಮನ್, ಇಂಗ್ಲಿಷ್, ಮಲಯಾಳಗಳು ಒಟ್ಟೊಟ್ಟಿಗೆ ಓಡಾಡುತ್ತಿದ್ದವು. ಬಹುಭಾಷಿಕತೆಯನ್ನು ಕುರಿತು ನಾವು ಇಂದು ಬರೆಯುವ ಪ್ರಬಂಧಗಳಿಗೆ ಒಂದು ಗೃಹಿಣಿಯ ಪತ್ರದಷ್ಟು ಒಳ್ಳೆಯ ಆಕರ ಬೇರೊಂದಿಲ್ಲ.

ಈ ಸಂಗ್ರಹದಲ್ಲಿ ಮೌನಗಳೂ ಇವೆ ಎಂಬುದನ್ನು ಒಪ್ಪಬೇಕು. ಗುಂಡರ್ಟರಿಗೆ ಮಲಯಾಳ ಕಲಿಸಿದ ಚೊಕ್ಲಿಯ ಊರಾಚ್ಚೇರಿ ಗುರುಗಳ ಹೆಸರನ್ನು ಕೇರಳ ನೆನಪಿಟ್ಟಿದೆ. ಆದರೆ ಕನ್ನಡ ಕಲಿಸಿದ ಎಷ್ಟೋ ಮುನ್ಷಿಗಳು ನಮಗೆ ಬರಿಯ 'ಮುನ್ಷಿ'ಗಳಾಗಿಯೇ ಉಳಿದಿದ್ದಾರೆ. 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ ಮರಳಿ, 1860ರಲ್ಲಿ ಜರ್ಮನ್ ಕನ್ಯೆಯನ್ನು ಮದುವೆಯಾದರು. ಅವರ ಹೊಸ ಸಂಸಾರದ ಕಥೆ ಜರ್ಮನ್ ದಾಖಲೆಗಳಲ್ಲಿದೆ. ಅವರೊಡನೆ ಬಾರದೆ ಹಿಂದುಳಿದ ಮೊದಲ ಪತ್ನಿಯ ಪಕ್ಷದ ಕಥೆ ನಮ್ಮ ಯಾವ ಪಠ್ಯದಲ್ಲಿಯೂ ಸ್ಥಾನ ಪಡೆದಿಲ್ಲ. ಕಾಗದ ಕಾಯ್ದವರ ಚರಿತ್ರೆ ಬರೆಯಲ್ಪಡುತ್ತದೆ, ಕಾಯದವರದನ್ನು ಇತರರು ತಮಗೆ ತೋಚಿದಂತೆ ಬರೆಯುತ್ತಾರೆ.

5

ಈ ಮಾತು ಮುಂಬಯಿಯ ಕನ್ನಡಿಗರಾದ ನಮಗೆ ನೇರವಾಗಿ ಅನ್ವಯಿಸುತ್ತದೆ. ಈ ನಗರದಲ್ಲಿ ಕನ್ನಡದ ಬದುಕಿಗೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. 1902ರಷ್ಟು ಹಿಂದೆಯೇ ಮೊಗವೀರರು ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿದರು. 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್, 1926ರಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಶನ್ ಹುಟ್ಟಿದವು. ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಅಕ್ಷರ ಕಲಿತರು. ಇಂದು ಆ ಹುಡುಗರ ಮೊಮ್ಮಕ್ಕಳು ಮೀರಾರೋಡು, ಡೊಂಬಿವಿಲಿ, ನವಿಮುಂಬಯಿಗಳಲ್ಲಿ ಇಂಗ್ಲಿಷ್ ಓದಿ, ಮರಾಠಿ-ಹಿಂದಿ ಆಡಿ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕನ್ನಡವನ್ನೋ ಅರ್ಧಂಬರ್ಧ ಅರ್ಥಮಾಡಿಕೊಳ್ಳುತ್ತಾರೆ. ಕನ್ನಡ ಲಿಪಿ ಅವರಲ್ಲಿ ಬಹುಮಂದಿಗೆ ಓದಲು ಬಾರದು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತ ಬಂದಿರುವುದನ್ನು ನಾವೆಲ್ಲ ಕಂಡಿದ್ದೇವೆ.

ಈ ಸ್ಥಿತಿಯನ್ನು ಕುರಿತು ನಮ್ಮ ಸಭೆಗಳಲ್ಲಿ ಪ್ರಲಾಪ ನಡೆಯುತ್ತದೆ. ಮಕ್ಕಳು ಕನ್ನಡ ಕಲಿಯುತ್ತಿಲ್ಲ ಎಂಬ ದೂರಿನಲ್ಲಿ ಆರಂಭವಾಗಿ ಅದರಲ್ಲಿಯೇ ಮುಗಿಯುತ್ತದೆ. ಮಕ್ಕಳಿಗೆ ಕಲಿಸುವ ಪ್ರಯತ್ನ ನಿಲ್ಲಬಾರದು, ನಿಜ. ಆದರೆ ಮೂರನೆಯ ತಲೆಮಾರಿನಲ್ಲಿ ಭಾಷೆ ತೆಳುವಾಗುವುದು ವಲಸೆಯ ಸಹಜ ಗತಿ. ನಿಘಂಟುಕಾರನ ಮನೆಯಲ್ಲಿಯೇ ಅದು ತಪ್ಪಲಿಲ್ಲ. ಹೀಗಿರುವಾಗ ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಲಿಪಿ ಮರೆತ ಮೊಮ್ಮಗಳಿಗೆ ಮುಂದೊಂದು ದಿನ ತನ್ನ ಮನೆಯ ಕಥೆಯನ್ನು ತಿಳಿಯಬೇಕೆನಿಸಿದರೆ, ಆಕೆಯ ಕೈಗೆ ಸಿಗುವುದೇನು?

ಸದ್ಯದ ಉತ್ತರ ಸಮಾಧಾನಕರವಾಗಿಲ್ಲ. ಹಳೆಯ ಚಾಳುಗಳು ಒಂದೊಂದಾಗಿ ನೆಲಸಮವಾಗಿ ಗೋಪುರಗಳೇಳುತ್ತಿರುವ ನಗರ ಇದು. ಖೋಲಿ ಖಾಲಿ ಮಾಡುವ ದಿನ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಊರಿನಿಂದ ಬಂದ ಇನ್‌ಲ್ಯಾಂಡ್ ಪತ್ರಗಳು, ಮನಿಯಾರ್ಡರಿನ ರಸೀದಿಗಳು, ಹೋಟೆಲಿನ ಲೆಕ್ಕದ ಪುಸ್ತಕ, ರಾತ್ರಿಶಾಲೆಯ ಪ್ರಗತಿಪತ್ರ, ಯಕ್ಷಗಾನ ಮೇಳದ ಕರಪತ್ರ, ಸಂಘದ ವರದಿ, ಹೆಸರು ಬರೆಯದ ಭಾವಚಿತ್ರಗಳು. ಓದಬಲ್ಲವರು ತೀರಿಹೋಗಿರುತ್ತಾರೆ. ಓದಲಾರದವರು ರದ್ದಿಯವನನ್ನು ಕರೆಯುತ್ತಾರೆ. ಅವನ ತಕ್ಕಡಿಯಲ್ಲಿ ಎಲ್ಲಕ್ಕೂ ಒಂದೇ ದರ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಗುಂಡರ್ಟರು ವಿದ್ವಾಂಸರು, ಅವರ ಹಿಂದೆ ವರದಿಗಳನ್ನು ಬೇಡುವ, ಕಾಪಾಡುವ ಒಂದು ಸಂಸ್ಥೆ ಇತ್ತು, ಮೊಮ್ಮಗ ನೊಬೆಲ್ ಪಡೆದ. ಸಾಮಾನ್ಯರ ಲೆಕ್ಕದ ಪುಸ್ತಕಗಳಿಗೆ ಏನು ಬೆಲೆ ಎಂಬುದು. ಮಿಶನ್ನಿನ ಧರ್ಮಪ್ರಸಾರದ ಉದ್ದೇಶ, ಆಳುವವರ ನೆರಳಿನಲ್ಲಿ ಅದು ಬೆಳೆದ ಬಗೆ ಇವನ್ನು ಮರೆತು ಅದರ ಶಿಸ್ತನ್ನು ಮಾತ್ರ ಹೊಗಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಮರೀ ದಿನಚರಿ ಬರೆಯುವಾಗ ಮಗ ಪ್ರಸಿದ್ಧನಾಗುವನೆಂದು ಬಲ್ಲವಳಾಗಿರಲಿಲ್ಲ. 1902ರಲ್ಲಿ ಆಕೆ ತೀರಿಕೊಂಡಾಗ ಹೆಸ್ಸೆ ಹೆಸರು ಮಾಡದ ಯುವಕ. ಬೆಲೆ ಮುಂದೆ ಹುಟ್ಟುವಂಥದು. ಅದು ಹುಟ್ಟುವವರೆಗೆ ಕಾಗದ ಉಳಿದಿರಬೇಕು. ಅಲ್ಲದೆ ಹೋಟೆಲಿನ ಒಂದು ಲೆಕ್ಕದ ಪುಸ್ತಕದಲ್ಲಿ ಯಾವ ಊರಿನ ಯಾವ ಹುಡುಗ ಎಷ್ಟು ಸಂಬಳಕ್ಕೆ ದುಡಿದ, ಊರಿಗೆ ಎಷ್ಟು ಕಳಿಸಿದ ಎಂಬ ವಿವರವಿದ್ದರೆ, ವಲಸೆಯ ಚರಿತ್ರೆಗೆ ಅದಕ್ಕಿಂತ ಹೆಚ್ಚಿನ ಶಾಸನ ಬೇಕಿಲ್ಲ.

ಎರಡನೆಯದು ಮನೆಯ ಮಾನದ ಪ್ರಶ್ನೆ. ಪತ್ರಗಳಲ್ಲಿ ಸಾಲ, ಜಗಳ, ಮುರಿದ ಮದುವೆ, ಜಾತಿಯ ಬಿಸುಪು ಎಲ್ಲವೂ ಇರುತ್ತವೆ. ಇದು ಗೌರವಿಸಬೇಕಾದ ಸಂಕೋಚ. ಇಂತಿಷ್ಟು ವರ್ಷ ತೆರೆಯಬಾರದೆಂಬ ಕರಾರಿನ ಮೇಲೆ ಕಾಗದಗಳನ್ನು ಒಪ್ಪಿಸುವ ಪದ್ಧತಿ ಲೋಕದ ಎಲ್ಲ ಭಾಂಡಾರಗಳಲ್ಲಿಯೂ ಇದೆ. ಗುಪ್ತವಾಗಿರಲಿ, ಆದರೆ ಇರಲಿ.

6

ಇಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಹೊಣೆ ಏನು? ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು, ಇದೇ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದವರು. 1974ರಲ್ಲಿ ಬಂದ ಅವರ 'ಹೊಸಗನ್ನಡದ ಅರುಣೋದಯ' ಮಿಶನರಿ ಕಾಲದ ಕನ್ನಡವನ್ನು ಮೂಲ ಆಕರಗಳಿಂದಲೇ ಕಟ್ಟಿಕೊಟ್ಟಿತು. ಹಳೆಯ ಪತ್ರಿಕೆ, ವರದಿ, ಕಾಗದಗಳಲ್ಲಿ ಸಾಹಿತ್ಯ ಚರಿತ್ರೆಯನ್ನು ಹುಡುಕುವ ದಾರಿ ನಮ್ಮ ವಿಭಾಗಕ್ಕೆ ಪರಂಪರೆಯಾಗಿಯೇ ಬಂದದ್ದು. ಅದನ್ನು ಮಂಗಳೂರಿನ ಹತ್ತೊಂಬತ್ತನೆಯ ಶತಮಾನದಿಂದ ಮುಂಬಯಿಯ ಇಪ್ಪತ್ತನೆಯ ಶತಮಾನಕ್ಕೆ ತಿರುಗಿಸುವ ಕೆಲಸ ಬಾಕಿಯಿದೆ.

ನನ್ನ ಸೂಚನೆಗಳು ಸರಳವಾದವು. ಸ್ನಾತಕೋತ್ತರ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕನ್ನಡ ಮನೆಯ ಕಾಗದಪತ್ರಗಳನ್ನು ಓದಿ, ಪಟ್ಟಿಮಾಡಿ, ಪ್ರತಿ ತೆಗೆದು ಒಪ್ಪಿಸುವುದು ಕಿರು ಪ್ರಬಂಧಕ್ಕೆ ಪರ್ಯಾಯವಾಗಬೇಕು. ಕನ್ನಡ ಲಿಪಿಯಲ್ಲಿ ಬರೆದ ತುಳು, ಕೊಂಕಣಿ ಪತ್ರಗಳನ್ನೂ ಭಾಷೆಯ ನೆಪದಲ್ಲಿ ಹೊರಗಿಡಬಾರದು. ಮನೆಯ ಹಿರಿಯ ಹೆಂಗಸರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು, ಭಾವಚಿತ್ರಗಳಲ್ಲಿರುವವರ ಹೆಸರು ಅವರಿಗೆ ಮಾತ್ರ ಗೊತ್ತು. ನಗರದ ಕನ್ನಡ ಸಂಘಸಂಸ್ಥೆಗಳು ತಮ್ಮ ಹಳೆಯ ನಡವಳಿ ಪುಸ್ತಕಗಳ ಪ್ರತಿಯನ್ನು ವಿಭಾಗಕ್ಕೆ ನೀಡಬೇಕು. ಮೂಲವನ್ನು ಮನೆಯವರೇ ಇಟ್ಟುಕೊಳ್ಳಲಿ. ಇಂದಿನ ಸೌಲಭ್ಯಗಳಲ್ಲಿ ಪ್ರತಿ ತೆಗೆಯಲು ದೊಡ್ಡ ವೆಚ್ಚವಿಲ್ಲ, ಜಾಗವೂ ಬೇಕಿಲ್ಲ. ಬೇಕಾಗಿರುವುದು ಕೈಬರಹ ಓದಬಲ್ಲ ವಿದ್ಯಾರ್ಥಿ ಮತ್ತು ಪೆಟ್ಟಿಗೆ ತೆರೆಯಲು ಒಪ್ಪುವ ಮನೆ. ಕೈಬರಹ ಓದಬಲ್ಲವರ ಸಂಖ್ಯೆ ವರ್ಷವರ್ಷಕ್ಕೂ ಇಳಿಯುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಗುಂಡರ್ಟ್ ಮನೆತನದ ಚರಿತ್ರೆಯನ್ನು ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಭಾಷೆ ರಕ್ತದಲ್ಲಿ ಹರಿದು ಬರುವುದಿಲ್ಲ. ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಕಲಿಯಬೇಕು, ಕಲಿಯದಿದ್ದರೆ ಅದು ಹೋಗುತ್ತದೆ. ಆದರೆ ಕಾಗದವನ್ನು ಕಾಯುವುದಕ್ಕೆ ಆ ಭಾಷೆ ಗೊತ್ತಿರಲೇಬೇಕೆಂದಿಲ್ಲ, ಅದರಲ್ಲಿ ಏನೋ ಇದೆಯೆಂಬ ನಂಬಿಕೆ ಇದ್ದರೆ ಸಾಕು. ಆ ನಂಬಿಕೆಯನ್ನು ಮುಂಬಯಿಯ ಕನ್ನಡ ಮನೆಗಳಲ್ಲಿ ಹುಟ್ಟಿಸುವುದು ಕನ್ನಡ ಕಲಿಸುವಷ್ಟೇ ಮುಖ್ಯವಾದ ಕೆಲಸವೆಂದು ವಿಭಾಗ ಭಾವಿಸಬೇಕು.